ಒಳಗೆ ಬಟ್ಟೆ ಬಿಟ್ಟು ಹೊಲಿದ ಎಂಜಿನ್: ಮಿತ್ಸುಬಿಷಿ 4ಜಿ63 ಟರ್ಬೊ

(ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ತಿದ್ದಿ ಬರೆದದ್ದು.)

ಮೊದಲು ಎರಡು ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. ಸಿಲಿಂಡರಿನ ಅಗಲ 85 ಮಿಲಿಮೀಟರ್. ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ 88 ಮಿಲಿಮೀಟರ್. ಅಂಥ ಸಿಲಿಂಡರ್ ನಾಲ್ಕು. ಲೆಕ್ಕ ಹಾಕಿದರೆ 1997 ಸಿಸಿ ಬರುತ್ತದೆ.

1980ರ ದಶಕದ ಶುರುವಿನಿಂದ 2007ರಲ್ಲಿ ಹೊಸ ಎಂಜಿನ್ ಬರುವವರೆಗೆ ಮಿತ್ಸುಬಿಷಿಯವರು ತಮ್ಮ ಎರಡು ಲೀಟರ್ ಟರ್ಬೊ ಎಂಜಿನ್ನಿನ ಈ ಎರಡು ಅಳತೆಗಳನ್ನು ಮುಟ್ಟಲಿಲ್ಲ. ಇದೇ ಅಳತೆಯ ಎಂಜಿನ್, ಟರ್ಬೊ ಇಲ್ಲದೆ, ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್‌ನಲ್ಲಿತ್ತು. ಡೆಲಿಕಾ ವ್ಯಾನಿನಲ್ಲಿತ್ತು. ಟರ್ಬೊ ಸೇರಿಸಿಕೊಂಡು, ನಾಲ್ಕು ವರ್ಷ ಸತತವಾಗಿ ವಿಶ್ವ ರ್‍ಯಾಲಿ ಚಾಂಪಿಯನ್ ಆದ ಟಾಮಿ ಮಾಕಿನೆನ್ ಕಾರಿನಲ್ಲೂ ಇತ್ತು. ಫೋರ್ಕ್‌ಲಿಫ್ಟ್ ಮತ್ತು ರ್‍ಯಾಲಿ ಕಾರು, ಎರಡಕ್ಕೂ ಒಂದೇ ಬುಡ. ಇದು ಹೇಗೆ ಸಾಧ್ಯ ಅನ್ನೋದನ್ನೇ ಇವತ್ತು ಮಾತಾಡೋಣ.

ನಮ್ಮ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಲಂಗ ಹೊಲಿಸುವಾಗ ಟೈಲರ್‌ಗೆ ಏನು ಹೇಳುತ್ತಾರೆ? ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲಿಯಿರಿ ಅಂತ, ಅಲ್ವಾ? ಮುಂದಿನ ವರ್ಷ ಹೊಲಿಗೆ ಬಿಚ್ಚಿದರೆ ಎರಡು ಇಂಚು ಉದ್ದ ಸಿಗುತ್ತದೆ. ಈ ಎಂಜಿನ್ನಿನ ಕಥೆ ಅದೇ. ಅದರ ಬುಡ ಮಾಡಿದವರು ಒಳಗೆ ತುಂಬಾ ಬಟ್ಟೆ ಬಿಟ್ಟಿದ್ದರು. ಆಮೇಲೆ ಬಂದವರು 25 ವರ್ಷ ಅದನ್ನು ಬಿಚ್ಚುತ್ತಾ ಹೋದರು.

ಹೆಸರಿನಿಂದ ಶುರು ಮಾಡೋಣ. 4 ಅಂದರೆ ನಾಲ್ಕು ಸಿಲಿಂಡರ್. ಜಿ ಅಂದರೆ ಗ್ಯಾಸೊಲಿನ್, ಪೆಟ್ರೋಲ್. 6 ಅಂದರೆ ಕುಟುಂಬ, 3 ಅಂದರೆ ಆ ಕುಟುಂಬದಲ್ಲಿ ಇದರ ನಂಬರ್. ಮಿತ್ಸುಬಿಷಿಯವರು ಆಗ ಎಂಜಿನ್ ಕುಟುಂಬಗಳಿಗೆ ಆಕಾಶದಿಂದ ಹೆಸರು ತರುತ್ತಿದ್ದರು. ಸ್ಯಾಟರ್ನ್, ನೆಪ್ಚೂನ್, ಒರಾಯನ್ ಹೀಗೆ. ಇದರ ಕುಟುಂಬಕ್ಕೆ ಸಿರಿಯಸ್ ಅಂತ ಹೆಸರು, ನಾವು ಲುಬ್ಧಕ ಅನ್ನುವ ನಕ್ಷತ್ರ. ಇದೇ ಸಿರಿಯಸ್ ಕುಟುಂಬದ ಒಂದು ಡೀಸೆಲ್ ಎಂಜಿನ್ನನ್ನು ನಿಮ್ಮಲ್ಲಿ ಕೆಲವರ ಅಪ್ಪಂದಿರು ಓಡಿಸಿರಬಹುದು. 1998ರಿಂದ ಹಿಂದೂಸ್ತಾನ್ ಮೋಟರ್ಸ್‌ನವರು ಚೆನ್ನೈ ಹತ್ತಿರದ ತಿರುವಳ್ಳೂರಿನಲ್ಲಿ ಲ್ಯಾನ್ಸರ್ ಕಾರು ಮಾಡುತ್ತಿದ್ದರಲ್ವಾ, ಅದರ ಎರಡು ಲೀಟರ್ ಡೀಸೆಲ್ ಎಂಜಿನ್ 4ಡಿ68. ನಾನು ಇವತ್ತು ಹೇಳುವ ಎಂಜಿನ್ನಿಗೆ ಅದು ದಾಯಾದಿ. ಇನ್ನೊಂದು ವಿಷಯ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣಿನ ದಾರಿಗಳಲ್ಲಿ ರ್‍ಯಾಲಿ ನೋಡಿದವರು ಲ್ಯಾನ್ಸರ್ ಸೀಡಿಯಾ ನೋಡಿಯೇ ಇರುತ್ತೀರಿ. ಅದರಲ್ಲಿ ಇವೊ, ಅಂದರೆ ಲ್ಯಾನ್ಸರ್ ಎವಲ್ಯೂಷನ್ ಕಾರಿನ 4ಜಿ63 ಟರ್ಬೊ ಎಂಜಿನ್ ಇತ್ತು ಅಂತ ನಂಬುವವರು ಈಗಲೂ ಸಿಗುತ್ತಾರೆ. ಅಲ್ಲ. ಸೀಡಿಯಾದಲ್ಲಿದ್ದದ್ದು 4ಜಿ94. ಟರ್ಬೊ ಇಲ್ಲ, ಅಳತೆ ಬೇರೆ, ಕುಟುಂಬವೂ ಬೇರೆ.

ಸಿಲಿಂಡರ್‌ಗಳಿರುವ ಬ್ಲಾಕ್ ಬೀಡು ಕಬ್ಬಿಣದ್ದು, ವಾಲ್ವ್‌ಗಳಿರುವ ಮೇಲಿನ ಹೆಡ್ ಅಲ್ಯೂಮಿನಿಯಂ. ಬೀಡು ಭಾರ, ಆದರೆ ಬಿಗಿ. ಸಿಲಿಂಡರಿನೊಳಗೆ ಎಷ್ಟೇ ಒತ್ತಡ ಬಂದರೂ ಅದರ ಗೋಡೆ ಸುಲಭಕ್ಕೆ ಬಾಗುವುದಿಲ್ಲ. ಮೊದಲು ಇದನ್ನು ಸಾಧಾರಣ ಸೆಡಾನ್, ವ್ಯಾನ್, ಪಿಕಪ್‌ಗಳಿಗೆ ಅಂತ ಮಾಡಿದ್ದು. ದಿನಕ್ಕೆ ಹತ್ತು ಗಂಟೆ ಓಡಬೇಕು, ಮಾಲೀಕ ಸರಿಯಾಗಿ ಆಯಿಲ್ ಬದಲಿಸದಿದ್ದರೂ ಬದುಕಬೇಕು. ಹಾಗಾಗಿ ಗೋಡೆ ದಪ್ಪ, ಪಿಸ್ಟನ್ನಿನ ಓಟವನ್ನು ಸುತ್ತಾಗಿಸುವ ಕ್ರ್ಯಾಂಕ್ ದಪ್ಪ, ಬೇರಿಂಗ್ ದೊಡ್ಡದು. ರೇಸಿಗಾಗಿ ಹೀಗೆ ಮಾಡಿದ್ದಲ್ಲ, ದುಡಿಮೆಗಾಗಿ ಮಾಡಿದ್ದು.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ. ನಾಲ್ಕು ಸಿಲಿಂಡರ್ ಸಾಲಾಗಿ ನಿಂತ ಎಂಜಿನ್ನಿಗೆ ಹುಟ್ಟಿನಿಂದ ಒಂದು ರೋಗ ಇದೆ. ಎರಡು ಪಿಸ್ಟನ್ ಮೇಲೆ ಹೋಗುವಾಗ ಇನ್ನೆರಡು ಕೆಳಗೆ ಬರುತ್ತವೆ. ನೋಡಿದರೆ ತಕ್ಕಡಿ ಸಮ ಇದೆ ಅನ್ನಿಸುತ್ತದೆ. ಆದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗಿ ಚಲಿಸುವುದರಿಂದ ಪಿಸ್ಟನ್ ತನ್ನ ಓಟದ ಮೇಲಿನ ಅರ್ಧವನ್ನು ಬೇಗ ದಾಟುತ್ತದೆ, ಕೆಳಗಿನ ಅರ್ಧವನ್ನು ನಿಧಾನವಾಗಿ ದಾಟುತ್ತದೆ. ಮೇಲೆ ಹೋಗುವವರು, ಕೆಳಗೆ ಬರುವವರು ಸರಿಯಾಗಿ ಒಬ್ಬರನ್ನೊಬ್ಬರು ತೂಗುವುದಿಲ್ಲ. ಸ್ವಲ್ಪ ಬಾಕಿ ಉಳಿಯುತ್ತದೆ. ಆ ಬಾಕಿ ನಾಲ್ಕರಲ್ಲೂ ಒಂದೇ ದಿಕ್ಕಿಗೆ ಸೇರಿ, ಕ್ರ್ಯಾಂಕ್ ಒಂದು ಸುತ್ತು ಸುತ್ತುವಷ್ಟರಲ್ಲಿ ಇಡೀ ಎಂಜಿನ್ನನ್ನು ಎರಡು ಸಲ ಮೇಲೆ ಕೆಳಗೆ ಅಲ್ಲಾಡಿಸುತ್ತದೆ. ಚಿಕ್ಕ ಎಂಜಿನ್ನಲ್ಲಿ ಇದು ಗೊತ್ತಾಗುವುದಿಲ್ಲ. ಎರಡು ಲೀಟರಿನ ಹತ್ತಿರ ಬಂದಾಗ ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ.

ಇದಕ್ಕೆ ಮದ್ದು ಕಂಡುಹಿಡಿದದ್ದು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್, 20ನೇ ಶತಮಾನದ ಆರಂಭದಲ್ಲಿ. ಎರಡು ಶಾಫ್ಟ್‌ಗಳಿಗೆ ಬೇಕೆಂದೇ ಒಂದು ಪಕ್ಕ ಭಾರ ಇಡುವುದು. ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗಿಸುವುದು. ಎಂಜಿನ್ ಮೇಲಕ್ಕೆ ಜಿಗಿಯುವ ಕ್ಷಣದಲ್ಲಿ ಆ ಎರಡೂ ಭಾರ ಕೆಳಕ್ಕೆ ಎಳೆಯುತ್ತವೆ. 1975ರಲ್ಲಿ ಮಿತ್ಸುಬಿಷಿಯವರು ಇದನ್ನು ತಿದ್ದಿ ತಮ್ಮ ಆಸ್ಟ್ರಾನ್ ಎಂಜಿನ್ನಲ್ಲಿ ತಂದರು. ಎರಡು ಶಾಫ್ಟ್‌ಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಟ್ಟದ್ದು ಅವರ ಜಾಣ್ಮೆ. ಅದರಿಂದ ಎಂಜಿನ್ ಪಕ್ಕಕ್ಕೆ ಹೊರಳಾಡುವ ಅದುರು ಕೂಡ ಕಡಿಮೆಯಾಯಿತು. ಸೈಲೆಂಟ್ ಶಾಫ್ಟ್ ಅಂತ ಹೆಸರಿಟ್ಟರು. ಮುಂದೆ ಪೋರ್ಷೆಯವರು ತಮ್ಮ 944 ಕಾರಿನ ದೊಡ್ಡ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಈ ಪೇಟೆಂಟನ್ನೇ ಹಣ ಕೊಟ್ಟು ಪಡೆದರು. ಜರ್ಮನಿಯ ಪೋರ್ಷೆ ಜಪಾನಿಗೆ ಲೈಸೆನ್ಸ್ ಹಣ ಕಟ್ಟಿತು ಅಂದರೆ ಆ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತು ಅಂತ ಯೋಚಿಸಿ. 4ಜಿ63ಕ್ಕೂ ಈ ಶಾಫ್ಟ್‌ಗಳು ಬಂದವು. ನೆನಪಿಟ್ಟುಕೊಳ್ಳಿ, ಕೊನೆಗೆ ಇವುಗಳದ್ದೇ ಒಂದು ತೊಂದರೆ ಹೇಳುವುದಿದೆ.

ಟರ್ಬೊ ಬಗ್ಗೆ ನಿಮಗೆ ಪಾಠದಲ್ಲಿ ಬಂದಿರುತ್ತದೆ. ನಾನು ಕುಲುಮೆಯ ಉದಾಹರಣೆ ಕೊಡುತ್ತೇನೆ. ಕಮ್ಮಾರ ತಿದಿ ಒತ್ತಿದರೆ ಇದ್ದಿಲು ಕೆಂಪಗಾಗುತ್ತದೆ. ಗಾಳಿ ಜಾಸ್ತಿ, ಉರಿ ಜಾಸ್ತಿ. ಟರ್ಬೊದಲ್ಲಿ ವಿಶೇಷ ಏನು ಅಂದರೆ ತಿದಿ ಒತ್ತೋಕೆ ಬೇರೆ ಆಳು ಬೇಡ, ಕುಲುಮೆಯ ಹೊಗೆಯೇ ತಿದಿ ಒತ್ತುತ್ತದೆ. ಹೊರಗೆ ಹೋಗುವ ಬಿಸಿ ಗ್ಯಾಸ್ ಒಂದು ಚಕ್ರ ತಿರುಗಿಸುತ್ತದೆ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ತಾಜಾ ಗಾಳಿಯನ್ನು ಒಳಕ್ಕೆ ತುರುಕುತ್ತದೆ.

ಎಷ್ಟು ಗಾಳಿ? ಎರಡು ಲೀಟರ್ ಎಂಜಿನ್ 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3000 ಸಲ ತನ್ನ ಪೂರ್ತಿ ಹೊಟ್ಟೆ ತುಂಬಿಕೊಳ್ಳುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 100 ಲೀಟರ್. ಟರ್ಬೊ ಒಂದು ಬಾರ್, ಅಂದರೆ ಹೊರಗಿನ ಗಾಳಿಯಷ್ಟೇ ಒತ್ತಡ ಹೆಚ್ಚುವರಿಯಾಗಿ ಕೊಟ್ಟರೆ ಹೊರಗಿನ ಗಾಳಿಯ ಲೆಕ್ಕದಲ್ಲಿ ಅದು 200 ಲೀಟರಿನ ಹತ್ತಿರ. ಮನೆ ಕಟ್ಟುವ ಜಾಗದಲ್ಲಿ ನೀರು ತುಂಬಿಸಿಡುವ ಡ್ರಮ್ ಇರುತ್ತದಲ್ಲ, ಸೆಕೆಂಡಿಗೆ ಅಂಥ ಒಂದು ಡ್ರಮ್ ಗಾಳಿ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದವರಿಗೆ ಗೊತ್ತು, ತುದಿ ಸುಡುತ್ತದೆ. ಇಲ್ಲಿ 100 ಡಿಗ್ರಿ ದಾಟುತ್ತದೆ. ಅದಕ್ಕೇ ಮುಂದೆ ಗಾಳಿ ತಣಿಸುವ ಇಂಟರ್‌ಕೂಲರ್. ಬಿಸಿ ಗಾಳಿ ಹಾಗೇ ಒಳಗೆ ಹೋದರೆ ಪೆಟ್ರೋಲ್ ಹೊತ್ತು ಗೊತ್ತಿಲ್ಲದೆ ಸಿಡಿಯುತ್ತದೆ. ಘಾಟಿ ಏರುವಾಗ ಗೇರ್ ಇಳಿಸದೆ ಒತ್ತಿದರೆ ಟಕಟಕ ಅಂತ ಕೇಳುತ್ತದಲ್ಲ, ಆ ನಾಕಿಂಗ್. ಅದನ್ನು ತಡೆಯೋಕೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು, ಕೂಡ ಕಡಿಮೆ ಇಟ್ಟರು. ಇವೊಗಳಲ್ಲಿ ಬಹುಪಾಲು 8.5ರಿಂದ 9ರ ನಡುವೆ. ಪಿಸ್ಟನ್ ತಳಕ್ಕೆ ಆಯಿಲ್ ಚಿಮ್ಮುವ ಪುಟ್ಟ ನಳಿಗೆಗಳಿವೆ, ತಂಪಿಗೆ. ಎಕ್ಸಾಸ್ಟ್ ವಾಲ್ವಿನ ಕಾಂಡ ಪೊಳ್ಳು, ಒಳಗೆ ಸೋಡಿಯಂ. ಬಿಸಿಗೆ ಕರಗಿದ ಸೋಡಿಯಂ ಮೇಲೆ ಕೆಳಗೆ ಕುಲುಕಾಡುತ್ತಾ ವಾಲ್ವಿನ ತಲೆಯ ಶಾಖವನ್ನು ಕಾಂಡಕ್ಕೆ ಸಾಗಿಸುತ್ತದೆ.

ಮೊದಲ ಟರ್ಬೊ ರೂಪ 1981ರಲ್ಲಿ ಯುರೋಪಿಗೆ ಹೋದ ಲ್ಯಾನ್ಸರ್ ಇಎಕ್ಸ್ 2000 ಟರ್ಬೊ. 170 ಪಿಎಸ್. ಪಿಎಸ್ ಅಂದರೆ ನಮ್ಮ ಹಾರ್ಸ್ ಪವರ್‌ಗೆ ಹತ್ತಿರ ಹತ್ತಿರ ಸಮ. ಹೆಡ್‌ನಲ್ಲಿ ಆಗ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಒಂದೇ. ಆಮೇಲೆ ಸ್ಟಾರಿಯನ್ ಅನ್ನುವ ಕಾರು ಬಂತು, 1984ರಲ್ಲಿ ಅದಕ್ಕೆ ಸಿಲಿಂಡರಿಗೆ ಮೂರು ವಾಲ್ವಿನ ಹೆಡ್ ಹಾಕಿದರು. ಕೆಳಗಿನ ವೇಗದಲ್ಲಿ ಗಾಳಿಗೆ ಒಂದೇ ವಾಲ್ವ್ ತೆರೆಯುತ್ತದೆ, 2500 ಆರ್‌ಪಿಎಂ ದಾಟಿದರೆ ಎರಡನೆಯದೂ ಸೇರಿಕೊಳ್ಳುತ್ತದೆ. 200 ಪಿಎಸ್ ಬಂತು. 1984ರಲ್ಲಿ ಇಂಥದ್ದನ್ನು ಮಾಡಿ ಮಾರುವ ಧೈರ್ಯ ನನಗೆ ಈಗಲೂ ಆಶ್ಚರ್ಯ ಹುಟ್ಟಿಸುತ್ತದೆ.

ಮಿತ್ಸುಬಿಷಿಗೆ ರ್‍ಯಾಲಿಯ ಹುಚ್ಚು ಇದಕ್ಕಿಂತ ಹಳೆಯದು. 1974 ಮತ್ತು 1976ರಲ್ಲಿ ಆಫ್ರಿಕಾದ ಸಫಾರಿ ರ್‍ಯಾಲಿಯನ್ನು ಲ್ಯಾನ್ಸರ್ ಗೆದ್ದಿತ್ತು. ಓಡಿಸಿದವರು ಜೋಗಿಂದರ್ ಸಿಂಗ್, ಕೀನ್ಯಾದ ಸಿಖ್ಖರು. ಅದಕ್ಕೂ ಮೊದಲು 1965ರಲ್ಲಿ ವೋಲ್ವೊದಲ್ಲಿ ಗೆದ್ದಿದ್ದರು. ಸಾವಿರಾರು ಕಿಲೋಮೀಟರ್ ಧೂಳು, ಕೆಸರು, ನದಿ ದಾಟುವುದು. ಅಲ್ಲಿ ವೇಗಕ್ಕಿಂತ ಉಳಿಯುವುದು ಮುಖ್ಯ. ಆ ಲ್ಯಾನ್ಸರ್‌ನ 1600 ಸಿಸಿ ಎಂಜಿನ್ ಬೇರೆ, ಆದರೆ ಕಂಪನಿಗೆ ಕಲಿಸಿದ ಪಾಠ ನಮ್ಮ ಎಂಜಿನ್ನಿಗೂ ಬಂತು ಅನ್ನೋದು ನನ್ನ ಅಭಿಪ್ರಾಯ.

1986ಕ್ಕೆ ಬನ್ನಿ. ರ್‍ಯಾಲಿಯಲ್ಲಿ ಆಗ ಗ್ರೂಪ್ ಬಿ ಅಂತ ಇತ್ತು. ಬರೀ 200 ಕಾರು ಮಾಡಿದರೆ ಸಾಕು, ಏನು ಬೇಕಾದರೂ ಕಟ್ಟಬಹುದು. ಕಾರುಗಳು ಮನುಷ್ಯರ ಹಿಡಿತ ಮೀರಿದವು. ಮಾರ್ಚಿನಲ್ಲಿ ಪೋರ್ಚುಗಲ್‌ನಲ್ಲಿ ಕಾರು ಜನರ ಮೇಲೆ ನುಗ್ಗಿ ನೋಡಲು ಬಂದವರು ಸತ್ತರು. ಮೇನಲ್ಲಿ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಜೊತೆಗಾರ ಸೆರ್ಜಿಯೊ ಕ್ರೆಸ್ಟೊ ಸತ್ತರು. ಆ ವರ್ಷಕ್ಕೇ ಗ್ರೂಪ್ ಬಿ ಮುಗಿಯಿತು. 1987ರಿಂದ ಗ್ರೂಪ್ ಎ. ಈಗ ಸಾವಿರಾರು ಕಾರು ಮಾಡಿ ಜನಕ್ಕೆ ಮಾರಲೇಬೇಕು, ಮೊದಲು 5000, ಆಮೇಲೆ 2500. ಶೋರೂಮಿನ ಕಾರಿನಲ್ಲಿ ಏನಿದೆಯೋ ಅದನ್ನೇ ಹಿಡಿದು ಓಡಬೇಕು. ಬುಡ ಗಟ್ಟಿ ಇದ್ದವನಿಗೆ ಹೇಳಿ ಮಾಡಿಸಿದ ನಿಯಮ ಅಲ್ವಾ?

1987ರ ಕೊನೆಗೆ ಗ್ಯಾಲಂಟ್ ವಿಆರ್-4 ಬಂತು. ನಾಲ್ಕು ಚಕ್ರಕ್ಕೂ ಶಕ್ತಿ. ಎಂಜಿನ್ ಅದೇ ಬೀಡಿನ ಬ್ಲಾಕ್, ಮೇಲೆ ಹೊಸ ಹೆಡ್, ಎರಡು ಕ್ಯಾಮ್, 16 ವಾಲ್ವ್. 205 ಪಿಎಸ್. ಕ್ಯಾಮ್ ಮತ್ತು ವಾಲ್ವ್ ನಡುವಿನ ಸನ್ನೆಗೆ, ಅಂದರೆ ರಾಕರ್‌ಗೆ, ಉರುಳುವ ರೋಲರ್ ಕೂರಿಸಿದ್ದರು, ಕ್ಯಾಮ್ ಉಜ್ಜುವ ಬದಲು ಉರುಳುತ್ತದೆ. ಈ ಹೆಡ್ ಬಂದ ಮೇಲೆ ಆ ಬುಡಕ್ಕೆ ಸರಿಯಾದ ಶ್ವಾಸ ಸಿಕ್ಕಿತು. 1989ರಲ್ಲಿ ಫಿನ್‌ಲೆಂಡಿನ ಸಾವಿರ ಸರೋವರಗಳ ರ್‍ಯಾಲಿ ಮತ್ತು ಬ್ರಿಟನ್ನಿನ ಆರ್‌ಎಸಿ ರ್‍ಯಾಲಿ ಎರಡನ್ನೂ ಗ್ಯಾಲಂಟ್ ಗೆದ್ದಿತು. 1991ರಲ್ಲಿ ಐವರಿ ಕೋಸ್ಟ್‌ನಲ್ಲಿ ಕೆಂಜಿರೊ ಶಿನೊಜುಕಾ ಗೆದ್ದರು. ವಿಶ್ವ ರ್‍ಯಾಲಿ ಗೆದ್ದ ಮೊದಲ ಜಪಾನಿ ಅವರು. ಮುಂದಿನ ವರ್ಷ ಮತ್ತೆ ಅಲ್ಲೇ ಗೆದ್ದರು.

ಗ್ಯಾಲಂಟ್ ದೊಡ್ಡದು, ಭಾರ. ಹಾಗಾಗಿ 1992ರಲ್ಲಿ ಎಂಜಿನ್ನನ್ನು ಎತ್ತಿ ಚಿಕ್ಕ ಲ್ಯಾನ್ಸರ್‌ನಲ್ಲಿಟ್ಟರು. ಅದೇ ಲ್ಯಾನ್ಸರ್ ಎವಲ್ಯೂಷನ್, ಇವೊ. ಮೊದಲನೆಯದು 250 ಪಿಎಸ್, ಎರಡನೆಯದು 260, ಮೂರನೆಯದು 270, ನಾಲ್ಕನೆಯದು 280. ಅಲ್ಲಿಗೆ ಅಂಕಿ ನಿಂತಿತು. ಎಂಜಿನ್ ಸೋತು ನಿಂತದ್ದಲ್ಲ. ಜಪಾನಿನ ಕಂಪನಿಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡು 280ಕ್ಕಿಂತ ಜಾಸ್ತಿ ಬರೆಯುತ್ತಿರಲಿಲ್ಲ, 2004ರವರೆಗೆ. ಅದೇ 2004ರಲ್ಲಿ ಬ್ರಿಟನ್ನಿನಲ್ಲಿ ಇದೇ ಎಂಜಿನ್ನಿನ ಎಫ್‌ಕ್ಯೂ-400 ಅನ್ನುವ ಇವೊ ಮಾರಿದರು. 405 ಹಾರ್ಸ್ ಪವರ್, ಎರಡು ಲೀಟರಿನಿಂದ, ನಂಬರ್ ಪ್ಲೇಟ್ ಹಾಕಿ ರಸ್ತೆಯಲ್ಲಿ ಓಡಿಸುವ ಕಾರಿನಲ್ಲಿ. ಒಳಗೆ ಬಿಟ್ಟ ಬಟ್ಟೆ ಎಷ್ಟಿತ್ತು ನೋಡಿ.

1996ರ ಇವೊ 4ರಲ್ಲಿ ಒಂದು ದೊಡ್ಡ ಕೆಲಸ ಮಾಡಿದರು. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಕಾರಿನೊಳಗೆ 180 ಡಿಗ್ರಿ ತಿರುಗಿಸಿ ಕೂರಿಸಿದರು. ಎಡದಲ್ಲಿದ್ದದ್ದು ಬಲಕ್ಕೆ. ಕಾರಿನ ಭಾರ ಸರಿದೂಗಿತು, ಜೋರಾಗಿ ಒತ್ತಿದಾಗ ಸ್ಟಿಯರಿಂಗ್ ಎಳೆಯುವುದು ಕಡಿಮೆಯಾಯಿತು. ಟರ್ಬೊ ಕೂಡ ಬದಲಾಯಿತು. ಸಿಲಿಂಡರ್‌ಗಳು ಉರಿಯುವ ಕ್ರಮ 1, 3, 4, 2. ನಾಲ್ಕೂ ಒಂದೇ ಕೊಳವೆಗೆ ಹೊಗೆ ಬಿಟ್ಟರೆ ಒಬ್ಬರ ಹೊಗೆ ಇನ್ನೊಬ್ಬರ ದಾರಿಗೆ ಅಡ್ಡ ಬರುತ್ತದೆ. ಅದಕ್ಕೆ 1 ಮತ್ತು 4ಕ್ಕೆ ಒಂದು ದಾರಿ, 2 ಮತ್ತು 3ಕ್ಕೆ ಇನ್ನೊಂದು ದಾರಿ ಮಾಡಿ, ಟರ್ಬೊ ಚಕ್ರದವರೆಗೂ ಬೇರೆ ಬೇರೆಯಾಗಿ ಒಯ್ದರು. ಟ್ವಿನ್ ಸ್ಕ್ರೋಲ್ ಅಂದರೆ ಇಷ್ಟೇ. ಟರ್ಬೊ ಎಚ್ಚರವಾಗೋದು ಬೇಗ ಆಯಿತು.

ರ್‍ಯಾಲಿಯಲ್ಲಿ ಇದು ಯಾಕೆ ಮುಖ್ಯ ಗೊತ್ತಾ? 1995ರಿಂದ ಟರ್ಬೊದ ಬಾಯಿಗೆ 34 ಮಿಲಿಮೀಟರ್ ಬಳೆ ತೊಡಿಸಿದರು. ಎಲ್ಲ ಗಾಳಿಯೂ ಆ ಕಿಂಡಿಯಿಂದಲೇ ಬರಬೇಕು. ಕಿಂಡಿಯಲ್ಲಿ ಗಾಳಿಯ ವೇಗ ಶಬ್ದದ ವೇಗ ಮುಟ್ಟಿದ ಮೇಲೆ, ಟರ್ಬೊ ಎಷ್ಟೇ ದೊಡ್ಡದಿರಲಿ, ಒಂದು ಗುಟುಕೂ ಜಾಸ್ತಿ ಬರುವುದಿಲ್ಲ. ಮೇಲಿನ ಶಕ್ತಿಗೆ ಬೀಗ ಬಿತ್ತು. ಉಳಿದದ್ದು ಒಂದೇ ದಾರಿ. ಕೆಳಗಿನ ಮತ್ತು ನಡುವಿನ ವೇಗದಲ್ಲಿ ಟಾರ್ಕ್ (ತಿರುಗಿಸುವ ಬಲ) ಹೆಚ್ಚಿಸುವುದು, ಅಂದರೆ ಪ್ರತಿ ಹೊಡೆತದ ಒತ್ತಡ ಹೆಚ್ಚಿಸುವುದು. ಆ ಹೊಡೆತ ತಿನ್ನೋದು ಬ್ಲಾಕ್, ರಾಡ್, ಕ್ರ್ಯಾಂಕ್. ಮತ್ತೆ ಅದೇ ಬೀಡಿನ ಬುಡ.

ಮಾಕಿನೆನ್ 1996, 97, 98, 99ರಲ್ಲಿ ಚಾಂಪಿಯನ್ ಆದರು. 1998ರ ಕೊನೆಯ ರ್‍ಯಾಲಿ ಬ್ರಿಟನ್ನಿನಲ್ಲಿ. ಹಳೇ ಕಾರೊಂದು ರಸ್ತೆ ಮೇಲೆ ಆಯಿಲ್ ಚೆಲ್ಲಿ ಹೋಗಿತ್ತು, ಮಾಕಿನೆನ್ ಮೊದಲ ದಿನವೇ ಜಾರಿ ಚಕ್ರ ಮುರಿದುಕೊಂಡು ಹೊರಗೆ ಬಿದ್ದರು. ಟೊಯೊಟಾದ ಕಾರ್ಲೋಸ್ ಸೈನ್ಜ್‌ಗೆ ಚಾಂಪಿಯನ್ ಆಗೋಕೆ ಬೇಕಾಗಿದ್ದದ್ದು ಸುಮ್ನೆ ನಾಲ್ಕನೇ ಸ್ಥಾನದಲ್ಲಿ ಕೊನೆ ಮುಟ್ಟುವುದು. ಕೊನೆಯ ಸ್ಟೇಜ್, ಕೊನೆಯ ಕೆಲವೇ ನೂರು ಮೀಟರ್, ಎಂಜಿನ್ ಒಡೆಯಿತು. ಬಾನೆಟ್ಟಿನಿಂದ ಹೊಗೆ, ಪಕ್ಕದಲ್ಲಿದ್ದ ಲೂಯಿಸ್ ಮೋಯಾ ಹೆಲ್ಮೆಟ್ಟಿನಿಂದ ಗಾಜು ಒಡೆದರು. ಅದೂ ಎರಡು ಲೀಟರ್, ಅದೂ ಟರ್ಬೊ, ಅದೂ ಜಪಾನಿನದೇ, ಅದೂ ಒಳ್ಳೆಯ ಎಂಜಿನ್. ಆ ದೃಶ್ಯ ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಎಂಜಿನ್ ಅನ್ನೋದು ಕೊನೆಯ ಮೀಟರಿನವರೆಗೂ ಒಂದು ಸಾಲ ತೀರಿಸುತ್ತಲೇ ಇರುತ್ತದೆ. 7000 ಆರ್‌ಪಿಎಂನಲ್ಲಿ 88 ಮಿಲಿಮೀಟರ್ ಓಟದ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20 ಮೀಟರಿಗಿಂತ ಜಾಸ್ತಿ, ಸೆಕೆಂಡಿಗೆ 230ಕ್ಕೂ ಹೆಚ್ಚು ಸಲ ನಿಂತು ಮತ್ತೆ ಹೊರಡಬೇಕು. ಪ್ರತಿ ಸಲವೂ ರಾಡ್ ಅದನ್ನು ಎಳೆದು ನಿಲ್ಲಿಸುತ್ತದೆ.

ಹೊಗಳಿದ್ದು ಸಾಕು, ತೊಂದರೆಗಳನ್ನೂ ಹೇಳಬೇಕು. ಅಮೆರಿಕದಲ್ಲಿ ಕ್ರೈಸ್ಲರ್ ಮತ್ತು ಮಿತ್ಸುಬಿಷಿ ಸೇರಿ ಇಲಿನಾಯ್ ರಾಜ್ಯದ ನಾರ್ಮಲ್ ಊರಿನಲ್ಲಿ ಡೈಮಂಡ್-ಸ್ಟಾರ್ ಮೋಟರ್ಸ್ ಕಟ್ಟಿದರು. ಅಲ್ಲಿ ಮಾಡಿದ ಎಕ್ಲಿಪ್ಸ್, ಟ್ಯಾಲನ್, ಲೇಸರ್ ಕಾರುಗಳಲ್ಲಿ ಈ ಎಂಜಿನ್ ಹೋಯಿತು. ಹುಡುಗರು ಕಡಿಮೆ ಬೆಲೆಗೆ ಕೊಂಡು ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ ಕಟ್ಟಿ, ಬೂಸ್ಟ್ (ಟರ್ಬೊ ಒತ್ತಡ) ಏರಿಸಿ, ಯಾವುದು ಎಷ್ಟು ತಡೆಯುತ್ತದೆ ಅಂತ ಪತ್ತೆ ಮಾಡಿದರು. ಅವರ ಬಾಯಲ್ಲಿ ಎರಡು ಪದ ಸದಾ ಇರುತ್ತವೆ, ಸಿಕ್ಸ್ ಬೋಲ್ಟ್ ಮತ್ತು ಸೆವೆನ್ ಬೋಲ್ಟ್. ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲನ್ನು ಕ್ರ್ಯಾಂಕಿಗೆ ಹಿಡಿಯುವ ಬೋಲ್ಟುಗಳ ಲೆಕ್ಕ ಅದು. 1992ರ ಸುಮಾರಿಗೆ ಆರಿದ್ದದ್ದು ಏಳಾಯಿತು. ಬೋಲ್ಟ್ ಜಾಸ್ತಿಯಾದರೆ ಗಟ್ಟಿ ಅನ್ನಿಸುತ್ತದೆ, ಆದರೆ ಜನ ಹುಡುಕಿದ್ದು ಆರು ಬೋಲ್ಟಿನದನ್ನೇ, ಅದರ ರಾಡುಗಳು ದಪ್ಪ. ಏಳು ಬೋಲ್ಟಿನ ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ವಾಕ್ ಅನ್ನುವ ಕಾಯಿಲೆ ಕಂಡಿತು. ಕ್ಲಚ್ ಒತ್ತಿದಾಗ ಕ್ರ್ಯಾಂಕಿನ ಮೇಲೆ ಉದ್ದಕ್ಕೆ ಒತ್ತಡ ಬೀಳುತ್ತದೆ, ಅದನ್ನು ಥ್ರಸ್ಟ್ ಬೇರಿಂಗ್ ತಡೆಯಬೇಕು. ಆ ಬೇರಿಂಗ್ ಸವೆದರೆ ಕ್ರ್ಯಾಂಕ್ ಹಿಂದೆ ಮುಂದೆ ನಡೆಯೋಕೆ ಶುರು ಮಾಡುತ್ತದೆ. ಅಲ್ಲಿಗೆ ಎಂಜಿನ್ ಮುಗಿದ ಹಾಗೆ.

ಇನ್ನೊಂದು ಬೆಲ್ಟಿನದು. ಸೈಲೆಂಟ್ ಶಾಫ್ಟ್ ನೆನಪಿಟ್ಟುಕೊಳ್ಳಿ ಅಂದಿದ್ದೆ. ಒಂದು ಶಾಫ್ಟ್ ಆಯಿಲ್ ಪಂಪಿನ ಗೇರಿನಿಂದ ತಿರುಗುತ್ತದೆ. ಇನ್ನೊಂದಕ್ಕೆ ಪ್ರತ್ಯೇಕ ಸಣ್ಣ ಬೆಲ್ಟ್, ಅದು ಕ್ಯಾಮ್‌ಗಳನ್ನು ತಿರುಗಿಸುವ ದೊಡ್ಡ ಟೈಮಿಂಗ್ ಬೆಲ್ಟಿನ ಹಿಂದೆ ಕೂತಿದೆ. ಸಣ್ಣದು ಹರಿದರೆ ಏನೂ ಆಗಬಾರದು, ಸ್ವಲ್ಪ ಅದುರಬೇಕು ಅಷ್ಟೇ. ಆದರೆ ಹರಿದ ತುಂಡು ದೊಡ್ಡ ಬೆಲ್ಟಿಗೆ ಸಿಕ್ಕಿಕೊಂಡು ಅದನ್ನೂ ಜಾರಿಸುತ್ತದೆ. ಈ ಎಂಜಿನ್ನಲ್ಲಿ ಟೈಮಿಂಗ್ ತಪ್ಪಿದರೆ ಪಿಸ್ಟನ್ ಮತ್ತು ವಾಲ್ವ್ ಒಂದಕ್ಕೊಂದು ಹೊಡೆಯುತ್ತವೆ, 16 ವಾಲ್ವೂ ಬಾಗಬಹುದು. ಬೇರೊಂದು ಕಂಪನಿಯ ಕಾರಿನಲ್ಲಿ ಟೈಮಿಂಗ್ ಬೆಲ್ಟ್ ಹರಿದು ಬಾಗಿದ ವಾಲ್ವುಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಸೊಟ್ಟ ಮೊಳೆಗಳ ಹಾಗೆ ಇದ್ದವು. ಜೋರಾಗಿ ಓಡಿಸುವವರು ಶಾಫ್ಟ್‌ಗಳನ್ನೇ ತೆಗೆದುಬಿಡುತ್ತಾರೆ. ಎಂಜಿನ್ 7000ದಲ್ಲಿದ್ದಾಗ ಶಾಫ್ಟ್ 14000ದಲ್ಲಿ ತಿರುಗುತ್ತಿರುತ್ತದೆ, ಅಷ್ಟು ಭಾರ ಸುತ್ತುವುದು ಬೇಡ ಅಂತ. ತೆಗೆದರೆ ಅದುರು ವಾಪಸ್ ಬರುತ್ತದೆ. ದಿನಬಳಕೆಯ ಕಾರಿನಲ್ಲಿ ತೆಗೆಯಬಾರದು, ಎರಡೂ ಬೆಲ್ಟನ್ನು ಹೊತ್ತಿಗೆ ಸರಿಯಾಗಿ ಒಟ್ಟಿಗೇ ಬದಲಿಸಬೇಕು ಅನ್ನುವ ಪಕ್ಷ ನನ್ನದು.

ಒಬ್ಬ ವಿದ್ಯಾರ್ಥಿ ಚೀಟಿ ಕಳಿಸಿದ್ದಾರೆ, ಇಷ್ಟು ಒಳ್ಳೆಯದಿದ್ದರೆ ಬಿಟ್ಟದ್ದು ಯಾಕೆ ಅಂತ. ಕೊನೆಯ ದೊಡ್ಡ ಬದಲಾವಣೆ 2005ರ ಇವೊ 9ರಲ್ಲಿ ಬಂತು, ಗಾಳಿ ವಾಲ್ವ್ ತೆರೆಯುವ ಹೊತ್ತನ್ನು ವೇಗಕ್ಕೆ ತಕ್ಕಂತೆ ಹಿಂದೆ ಮುಂದೆ ಮಾಡುವ ಮೈವೆಕ್. ಆ ಹೊತ್ತಿಗೆ ಹೊಗೆಯ ನಿಯಮ ಬಿಗಿಯಾಗಿತ್ತು, ಕಾರಿನ ಮೂಗಿನ ಮೇಲೆ ಬೀಡಿನ ಭಾರ ಹೊರುವುದು ಕಷ್ಟವಾಗಿತ್ತು. 2007ರ ಇವೊ 10ಕ್ಕೆ 4ಬಿ11 ಬಂತು. ಬ್ಲಾಕ್ ಅಲ್ಯೂಮಿನಿಯಂ, ಹತ್ತು ಕಿಲೋಗೂ ಜಾಸ್ತಿ ಹಗುರ. ಅಳತೆ 86, 86. ಬೆಲ್ಟಿನ ಜಾಗಕ್ಕೆ ಚೈನ್, ಸೈಲೆಂಟ್ ಶಾಫ್ಟ್ ಇಲ್ಲ. ದಿನಾ ಓಡಿಸುವವನಿಗೆ ಅದು ಉತ್ತಮ ಎಂಜಿನ್, ನನಗೆ ಅನುಮಾನ ಇಲ್ಲ. ಆದರೆ ಅಮೆರಿಕದ ಡ್ರ್ಯಾಗ್ ರೇಸ್‌ಗಳಲ್ಲಿ, ಅಂದರೆ ನೇರ ದಾರಿಯ ಚಿಕ್ಕ ಓಟಗಳಲ್ಲಿ, ಸಾವಿರ ಹಾರ್ಸ್ ಪವರ್ ಬೇಕು ಅನ್ನುವವರು ಈಗಲೂ ಹಳೇ ಬೀಡಿನ ಬ್ಲಾಕನ್ನೇ ಹುಡುಕುತ್ತಾರೆ. ಹೊಸ ಇವೊ 10ರಿಂದ ಅಲ್ಯೂಮಿನಿಯಂ ಎಂಜಿನ್ ಇಳಿಸಿ, ಆ ಜಾಗದಲ್ಲಿ 4ಜಿ63 ಕೂರಿಸಿಕೊಂಡವರೂ ಇದ್ದಾರೆ.